ವೊಲಟೈಲ್ ಹೊತ್ತ ಹೊರೆ

ಕರ್ನಿಗನ್ ಮತ್ತು ರಿಚಿ 1978ರಲ್ಲಿ ಬರೆದ ಸಿ ಭಾಷೆಯ ಪುಸ್ತಕದಲ್ಲಿ ‘ವೊಲಟೈಲ್’ ಎಂಬ ಕೀಲಿಪದ ಇರಲೇ ಇಲ್ಲ. ಆಗಿನ ಕಂಪೈಲರ್‌ಗಳು ಬರೆದದ್ದನ್ನು ಬಹುಪಾಲು ಹಾಗೆಯೇ ಯಂತ್ರಕ್ಕೆ ಒಪ್ಪಿಸುತ್ತಿದ್ದವು. ಅವು ಜಾಣವಾಗತೊಡಗಿದ ಮೇಲೆ ತಕರಾರು ಶುರುವಾಯಿತು. ಪಿಡಿಪಿ-11ರಂಥ ಯಂತ್ರಗಳಲ್ಲಿ ಸಾಧನಗಳ ರಿಜಿಸ್ಟರ್‌ಗಳಿಗೂ ಮೆಮೊರಿಯ ವಿಳಾಸಗಳೇ. ಟರ್ಮಿನಲ್‌ನಿಂದ ಅಕ್ಷರ ಬಂತೇ ಎಂದು ಒಂದೇ ವಿಳಾಸವನ್ನು ಲೂಪ್‌ನಲ್ಲಿ ಮತ್ತೆ ಮತ್ತೆ ನೋಡುವ ಕೋಡ್ ಕಂಡರೆ, ಜಾಣ ಕಂಪೈಲರ್ ಒಮ್ಮೆ ಓದಿ ಸುಮ್ಮನಾಗಬಹುದು. ಅದನ್ನು ತಡೆಯಲು 1989ರ ಆನ್ಸಿ ಸಿ ವೊಲಟೈಲನ್ನು ತಂದಿತು. ಭಾಷೆಯನ್ನು ಕಟ್ಟಿದ ಡೆನಿಸ್ ರಿಚಿಗೆ ಇದು ರುಚಿಸಿರಲಿಲ್ಲ. ಹಾಗೆಂದು 1988ರಲ್ಲೇ ಬರೆದಿದ್ದರು.

ಥ್ರೆಡ್‌ಗಳ ಮಾತು ಆನ್ಸಿ ಸಿಯಲ್ಲಿ ಎಲ್ಲೂ ಇಲ್ಲ.

1995ರಲ್ಲಿ ಪೋಸಿಕ್ಸ್ ಥ್ರೆಡ್‌ಗಳ ಮಾನಕ ಬಂತು. ಭಾಷೆಗೇ ಥ್ರೆಡ್‌ಗಳ ಅರಿವಿಲ್ಲದ ಕಾಲ. ಲಾಕ್ ಭಾರವೆನಿಸಿದವರು ಕೈಗೆ ಸಿಕ್ಕ ವೊಲಟೈಲನ್ನೇ ಹಚ್ಚಿದರು. ಆದರೆ ವೊಲಟೈಲ್ ಎಣಿಕೆಗೆ ಒಂದು ಕೂಡಿಸುವುದೆಂದರೂ ಓದು, ಕೂಡು, ಬರೆ ಎಂಬ ಮೂರು ಹೆಜ್ಜೆ. ಎರಡು ಥ್ರೆಡ್‌ಗಳು ಒಟ್ಟಿಗೆ ನುಗ್ಗಿದರೆ ಒಂದರ ಲೆಕ್ಕ ಮಾಯ. ಪ್ರೊಸೆಸರ್ ತನ್ನೊಳಗೆ ಓದು-ಬರಹಗಳ ಕ್ರಮ ಬದಲಿಸುವುದನ್ನೂ ವೊಲಟೈಲ್ ತಡೆಯದು. ಇಂಟೆಲ್ ಯಂತ್ರಗಳು ಈ ವಿಷಯದಲ್ಲಿ ಶಿಸ್ತಿನವು, ತಪ್ಪನ್ನು ಎಷ್ಟೋ ಸಲ ಮುಚ್ಚಿಬಿಡುತ್ತಿದ್ದವು. ಅದೇ ಕೋಡ್ ಎಆರ್‌ಎಂಗೋ ಪವರ್‌ಪಿಸಿಗೋ ಹೋದಾಗ ಬಣ್ಣ ಬಯಲು. 2004ರ ಜಾವಾ 5 ಅದೇ ಹೆಸರಿನ ತನ್ನ ಪದಕ್ಕೆ ಕ್ರಮದ ಖಾತರಿ ಕೊಟ್ಟು ಗೊಂದಲ ಹೆಚ್ಚಿಸಿತು.

ಥ್ರೆಡ್‌ಗಳನ್ನು ಬರೀ ಲೈಬ್ರರಿಯಾಗಿ ಕಟ್ಟಲಾಗದು, ಭಾಷೆಯೇ ಮೆಮೊರಿಯ ನಿಯಮ ಹೇಳಬೇಕು ಎಂದು 2005ರಲ್ಲಿ ಹಾನ್ಸ್ ಬೋಮ್ ವಾದಿಸಿದರು. 2008ರಲ್ಲಿ ಎರಿಕ್ ಐಡ್ ಮತ್ತು ಜಾನ್ ರೆಗೆರ್ 13 ಸಿ ಕಂಪೈಲರ್‌ಗಳನ್ನು ಪರೀಕ್ಷಿಸಿದರೆ, ಹದಿಮೂರೂ ಎಲ್ಲಾದರೊಂದು ಕಡೆ ವೊಲಟೈಲನ್ನೇ ತಪ್ಪಾಗಿ ನಿಭಾಯಿಸುತ್ತಿದ್ದವು!

2011ರ ಸಿ11 ಓದು, ಕೂಡು, ಬರೆಗಳನ್ನು ನಡುವೆ ತುಂಡಾಗದಂತೆ ಮುಗಿಸುವ ಅಟಾಮಿಕ್ ಬಗೆಗಳನ್ನು ಕೊಟ್ಟಿತು. ತಮಾಷೆಯೆಂದರೆ ‘ಅಟಾಮಿಕ್_ಲೋಡ್’, ‘ಅಟಾಮಿಕ್_ಸ್ಟೋರ್’ಗಳು ಕೇಳುವುದು ವೊಲಟೈಲ್ ವಸ್ತುವಿನತ್ತ ಬೊಟ್ಟು ಮಾಡುವ ಪಾಯಿಂಟರನ್ನು. ಹಾಗಾದರೆ ಎರಡೂ ಬೇಕೇನೋ ಎಂದು ಈಗಲೂ ಹಲವರು ತಿಳಿಯುತ್ತಾರೆ. ಅದು ಷರತ್ತಲ್ಲ, ಬರೀ ಅನುಮತಿ: ವೊಲಟೈಲ್ ಆದ ಅಟಾಮಿಕನ್ನೂ ಸಾದಾ ಅಟಾಮಿಕನ್ನೂ ಅದೇ ಬಾಗಿಲಲ್ಲಿ ಬಿಡುವ ಏರ್ಪಾಡು. ಇನ್ನು ಪಾಯಿಂಟರನ್ನು ಘೋಷಿಸುವಾಗ ನಕ್ಷತ್ರದ (*) ಎಡಕ್ಕೆ ವೊಲಟೈಲ್ ಬರೆದರೆ ಅದು ತಗಲುವುದು ಪಾಯಿಂಟರ್ ತೋರಿಸುವ ವಸ್ತುವಿಗೆ, ಪಾಯಿಂಟರಿಗಲ್ಲ. ಥ್ರೆಡ್‌ಗಳು ಬದಲಿಸುತ್ತಿರುವುದು ಪಾಯಿಂಟರನ್ನೇ ಆದರೆ, ಅಟಾಮಿಕ್ ಆಗಬೇಕಾದದ್ದೂ ಅದೇ. ಅಲ್ಲಿ ವೊಲಟೈಲ್‌ಗೆ ಕೆಲಸವಿಲ್ಲ.