ಕೇಪಿನ ಕೋವಿಯ ಭರವಸೆ

ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಆಪತ್ತಿಗೆ ಒದಗುತ್ತದೋ, ನಡುವೆ ತೋಟಾ ಸಿಕ್ಕಿಕೊಳ್ಳುತ್ತದೋ ಎಂಬ ಚರ್ಚೆ ಈಚಿನದು. ಚನ್ನಗಿರಿ ಸೀಮೆಯ ಅಡಿಕೆ ತೋಟದವರಾದ ನಮಗೆ ನಂಬಿಕೆಯ ಪ್ರಶ್ನೆ ಎದ್ದದ್ದು ಕೇಪಿನ ಕೋವಿಯಿಂದ.

ಅಜ್ಜ ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕುತ್ತಿದ್ದ. ಕಿಡಿ ಹಾರಿಸುವ ಕೇಪು ಕೂರಿಸುವುದು ಕಡೆಗೆ. ಮಳೆಗಾಲದಲ್ಲಿ ಮದ್ದು ತೇವ ಹೀರಿದರೆ ಕೋವಿಯ ಕುದುರೆ ಕೇಪಿನ ಮೇಲೆ ಬಿದ್ದರೂ ಬರೀ 'ಟಕ್'. ಆಗ ಯಾರೂ ನಳಿಗೆಯೊಳಗೆ ಇಣುಕಬಾರದು. ಬೆಂಕಿ ತಡವಾಗಿ ಹತ್ತುವುದುಂಟು. ಪಿಸ್ತೂಲಿಗೂ ಇದೇ ನಿಯಮ ಎಂಬುದು ಆಮೇಲೆ ತಿಳಿಯಿತು.

1878ರ ಕಾಯ್ದೆಯ ಜಾಗಕ್ಕೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆ, ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಇಂಥ ಕೋವಿಯನ್ನು ಹೆಸರಿಸಿಯೇ ಒಪ್ಪಿತು. ಸೈನ್ಯದ 9 ಎಂಎಂ ಜನಸಾಮಾನ್ಯರಿಗೆ ನಿಷಿದ್ಧ, ಶಸ್ತ್ರಾಸ್ತ್ರ ಕಾರ್ಖಾನೆಯ .32 ಪಿಸ್ತೂಲು ಕಾಸುಳ್ಳವರಿಗೆ. ಹಂದಿ ಓಡಿಸಲು ಅದೇನು ಪ್ರಯೋಜನ!

1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಯವರು ಲೈಸೆನ್ಸಿಗೆ ಶಿವಮೊಗ್ಗಕ್ಕೆ ಅಲೆಯಬೇಕಿತ್ತು, ಜಗಳೂರಿನವರು ಚಿತ್ರದುರ್ಗಕ್ಕೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಕೋವಿ ಬರಬರುತ್ತಾ ಹೆಚ್ಚಾಗಿ ಸದ್ದು ಮಾಡುವುದಕ್ಕೇ ಉಳಿಯಿತು. ಜಗಳೂರಿನ ರಂಗಯ್ಯನದುರ್ಗದ ಕಾಡಂತೂ ಈಗ ಕೊಂಡುಕುರಿಯ ಅಭಯಾರಣ್ಯ.

ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗುತ್ತದೆ. ವಾಪಸು ತಂದವರು ಮೊದಲು ನೋಡುವುದು ಕೇಪು ಕೂರುವ ಮೊಳೆಯ ತೂತು ಕಿಲುಬು ಹಿಡಿದಿದೆಯೇ ಎಂದು. ಅದನ್ನು ಸೂಜಿಯಿಂದ ಕೆದಕದೆ ಯಾರೂ ಮದ್ದು ತುಂಬುವುದಿಲ್ಲ.