ದ ಸೀಕ್ರೆಟ್ ಹಿಸ್ಟರಿ ಆಫ್ ದ ಪಿಂಕ್ ಕಾರ್ನೇಷನ್

ದ ಸೀಕ್ರೆಟ್ ಹಿಸ್ಟರಿ ಆಫ್ ದ ಪಿಂಕ್ ಕಾರ್ನೇಷನ್ ಅಮೆರಿಕದ ಲೇಖಕಿ ಲಾರೆನ್ ವಿಲಿಗ್ ಅವರ ಮೊದಲ ಕಾದಂಬರಿ. ಇದನ್ನು 2005ರಲ್ಲಿ ಡಟನ್ ಸಂಸ್ಥೆ ಪ್ರಕಟಿಸಿತು. ನೆಪೋಲಿಯನ್ ಬೋನಪಾರ್ಟ್ ಇನ್ನೂ ಚಕ್ರವರ್ತಿಯಾಗದೆ ಪ್ರಥಮ ಕಾನ್ಸಲ್ ಆಗಿದ್ದ 1803ರ ಪ್ಯಾರಿಸ್‌ನಲ್ಲಿ ನಡೆಯುವ ಗೂಢಚಾರರ ಪ್ರಣಯಕಥೆ ಇದರ ವಸ್ತು. ವಿಲಿಗ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದವರು. ಆ ಅನುಭವದ ನೆರಳು ಕೃತಿಯ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಿನ್ನೆಲೆ

ಬ್ಯಾರನೆಸ್ ಆರ್ಕ್ಸಿ 1905ರ ತಮ್ಮ ಕಾದಂಬರಿಯಲ್ಲಿ ಸೃಷ್ಟಿಸಿದ ಸ್ಕಾರ್ಲೆಟ್ ಪಿಂಪರ್ನೆಲ್ ಎಂಬ ಗುಪ್ತ ಸಾಹಸಿಯನ್ನು ವಿಲಿಗ್ ನಿಜವಾಗಿ ಬದುಕಿದ್ದ ವ್ಯಕ್ತಿಯೆಂದೇ ಭಾವಿಸಿ ಕಥೆ ಕಟ್ಟುತ್ತಾರೆ. ಅವನ ನಂತರ ಪರ್ಪಲ್ ಜೆನ್ಷಿಯನ್, ಆಮೇಲೆ ಪಿಂಕ್ ಕಾರ್ನೇಷನ್ ಎಂಬ ಹೂವಿನ ಹೆಸರಿನ ಗೂಢಚಾರರು ಬರುತ್ತಾರೆ. ಮೊದಲಿಬ್ಬರು ಯಾರೆಂಬುದು ಲೋಕಕ್ಕೆ ತಿಳಿದಿದೆ. ಮೂರನೆಯ ವ್ಯಕ್ತಿಯ ಗುರುತು ಮಾತ್ರ ಇತಿಹಾಸಕಾರರಿಗೆ ದಕ್ಕಿಲ್ಲ.

ಕಥಾವಸ್ತು

ಈ ಗುರುತನ್ನು ಪತ್ತೆಹಚ್ಚಲು ಹಾರ್ವರ್ಡ್‌ನ ಸಂಶೋಧಕಿ ಎಲೋಯಿಸ್ ಕೆಲ್ಲಿ ಲಂಡನ್‌ಗೆ ಬರುತ್ತಾಳೆ. ಆಕರಗಳು ಸಿಗದಿದ್ದರೆ ಅವಳ ಪ್ರೌಢಪ್ರಬಂಧಕ್ಕೆ ಆಧಾರವೇ ಇಲ್ಲ. ವೃದ್ಧೆ ಶ್ರೀಮತಿ ಸೆಲ್ವಿಕ್-ಆಲ್ಡರ್ಲಿ ತಮ್ಮ ಮನೆತನದ ಪತ್ರಗಳನ್ನು ಓದಲು ಕೊಡುತ್ತಾರೆ. ಅದೇ ಮನೆತನದ ಕಾಲಿನ್ ಸೆಲ್ವಿಕ್‌ಗೆ ಪರಕೀಯಳೊಬ್ಬಳು ಅವನ್ನು ತೆರೆಯುವುದು ಸಹಿಸದು.

ಪತ್ರಗಳು ಬಿಚ್ಚಿಡುವ ಕಥೆಯ ನಾಯಕಿ ಎಮಿ ಬಾಲ್ಕೋರ್. ಫ್ರೆಂಚ್ ಕ್ರಾಂತಿಯಲ್ಲಿ ತಂದೆ ಗಿಲೊಟಿನ್‌ಗೆ ಬಲಿಯಾದ ಬಳಿಕ ಇಂಗ್ಲೆಂಡಿನಲ್ಲಿ ಬೆಳೆದ ಅವಳಿಗೆ ಪರ್ಪಲ್ ಜೆನ್ಷಿಯನ್‌ನ ಬಳಗ ಸೇರುವ ಹಂಬಲ. ಸಹೋದರಿಯಂತಿದ್ದ ಜೇನ್ ವೂಲಿಸ್ಟನ್ ಮತ್ತು ಕಾವಲಿಗೆ ನೇಮಕವಾದ ಮಿಸ್ ಗ್ವೆನ್ ಜೊತೆ ಪ್ಯಾರಿಸ್‌ಗೆ ಹೊರಟಾಗ, ಹಡಗಿನಲ್ಲಿ ಲಾರ್ಡ್ ರಿಚರ್ಡ್ ಸೆಲ್ವಿಕ್‌ನ ಭೇಟಿಯಾಗುತ್ತದೆ. ಆತ ಬೋನಪಾರ್ಟ್‌ನ ಈಜಿಪ್ಟ್ ಪ್ರಾಚ್ಯವಸ್ತುಗಳ ಹೊಣೆ ಹೊತ್ತವನೆಂದು ತಿಳಿದು ಎಮಿ ಅವನನ್ನು ತಿರಸ್ಕರಿಸುತ್ತಾಳೆ. ರಾತ್ರಿ ಮುಸುಕಿನಲ್ಲಿ ಬರುವ ಜೆನ್ಷಿಯನ್‌ಗೆ ಮನಸೋಲುತ್ತಾಳೆ. ಇಬ್ಬರೂ ಒಬ್ಬನೇ ಎಂಬುದು ಓದುಗರಿಗೆ ಮೊದಲೇ ಗೊತ್ತು. ಹಿಂದೊಮ್ಮೆ ಪ್ರೇಮದ ಭರದಲ್ಲಿ ಎಚ್ಚರ ತಪ್ಪಿದ್ದರಿಂದ ಸ್ನೇಹಿತನೊಬ್ಬನನ್ನು ಕಳೆದುಕೊಂಡಿದ್ದ ರಿಚರ್ಡ್ ನಿಜ ಹೇಳಲು ಹಿಂಜರಿಯುತ್ತಾನೆ. ಇಂಗ್ಲೆಂಡಿನ ಮೇಲಿನ ದಾಳಿಗೆಂದು ಬರುವ ಚಿನ್ನವನ್ನು ತಡೆಯುವ ಯತ್ನದ ನಡುವೆ ಅವನು ಪೊಲೀಸ್ ಅಧಿಕಾರಿ ಗ್ಯಾಸ್ಟನ್ ಡೆಲರೋಶ್‌ನ ಸೆರೆಯಾಗುತ್ತಾನೆ; ಬಿಡಿಸುವವರು ಹೆಂಗಸರೇ.

ಗುರುತು ಬಯಲಾದ ರಿಚರ್ಡ್ ಎಮಿಯೊಡನೆ ಇಂಗ್ಲೆಂಡಿಗೆ ಮರಳುತ್ತಾನೆ. ಸಾಹಸದ ಕನಸು ಕಂಡವಳು ಎಮಿಯಾದರೂ ಪ್ಯಾರಿಸ್‌ನಲ್ಲಿ ಉಳಿದು ಪಿಂಕ್ ಕಾರ್ನೇಷನ್ ಆಗುವವಳು ಮಿತಭಾಷಿ ಜೇನ್. ಎಲೋಯಿಸ್ ಹುಡುಕುತ್ತಿದ್ದ ವೀರ ಪುರುಷನೇ ಅಲ್ಲ ಎಂಬುದು ಕೃತಿಯ ನಿಜವಾದ ತಿರುವು. ಇದರ ಮುಂದೆ ಮುಸುಕಿನ ರಹಸ್ಯ ಸಪ್ಪೆ.

ಇತಿಹಾಸ ಮತ್ತು ಕಲ್ಪನೆ

1802ರ ಮಾರ್ಚ್‌ನ ಆಮಿಯೆನ್ಸ್ ಒಪ್ಪಂದದಿಂದ 1803ರ ಮೇ ತಿಂಗಳವರೆಗೆ ಎರಡು ದೇಶಗಳ ನಡುವೆ ಶಾಂತಿಯಿತ್ತು. ಆಂಗ್ಲರು ಪ್ಯಾರಿಸ್‌ನಲ್ಲಿ ಮುಕ್ತವಾಗಿ ಓಡಾಡುವುದು ಆದ್ದರಿಂದ ಅಸಂಭವವಲ್ಲ. ಆದರೆ ಡೆಲರೋಶ್ ದುಡಿಯುವ ಪೊಲೀಸ್ ಸಚಿವಾಲಯವನ್ನು ಬೋನಪಾರ್ಟ್ 1802ರಲ್ಲಿ ರದ್ದುಗೊಳಿಸಿದ್ದ. ಅದು ಮತ್ತೆ ಬಂದದ್ದು 1804ರಲ್ಲಿ. ಹಾಸ್ಯದ ಧಾಟಿಯ ಕಥೆ ಇಂಥ ಸಡಿಲಿಕೆಯನ್ನು ತಾಳಿಕೊಳ್ಳುತ್ತದೆ.

ಮುಂದಿನ ಕೃತಿಗಳು

ಈ ಸರಣಿ ಹನ್ನೆರಡು ಕಾದಂಬರಿಗಳಿಗೆ ಬೆಳೆಯಿತು. ಆರನೆಯದಾದ ದ ಬಿಟ್ರೇಯಲ್ ಆಫ್ ದ ಬ್ಲಡ್ ಲಿಲಿ (2010) 1804ರ ಹೈದರಾಬಾದಿನಲ್ಲಿ ನಡೆಯುತ್ತದೆ. ಜೇನ್ ತನ್ನದೇ ಪ್ರಣಯಕಥೆಯ ನಾಯಕಿಯಾಗಲು ಕೊನೆಯ ಕೃತಿಯಾದ ದ ಲ್ಯೂರ್ ಆಫ್ ದ ಮೂನ್‌ಫ್ಲವರ್ (2015) ವರೆಗೆ ಕಾಯಬೇಕಾಯಿತು.