ಬಾಯಿ ತೆರೆದ ಬೋರು

ಸೋಲಾಪುರದಿಂದ ವಿಜಯಪುರಕ್ಕೆ ರೈಲಿನಲ್ಲಿ ಹೋದವರಿಗೆ ಲಚ್ಯಾಣ ಸ್ಟೇಷನ್ ಗೊತ್ತು. ಭೀಮಾ ನದಿಯ ಆಚೆ, ಇಂಡಿ ತಾಲೂಕಿನ ಊರು. 2024ರ ಏಪ್ರಿಲ್ 3ರಂದು ಅಲ್ಲಿಯ ಹೊಲವೊಂದರಲ್ಲಿ ಎರಡು ವರ್ಷದ ಆಸುಪಾಸಿನ ಕೂಸು ತಲೆಕೆಳಗಾಗಿ ಬೋರಿನೊಳಗೆ ಬಿತ್ತು. ಸುಮಾರು 20 ತಾಸು ಪಕ್ಕದಲ್ಲಿ ನೆಲ ಅಗೆದು ಮರುದಿನ ಜೀವಂತ ಹೊರತೆಗೆದರು. ಎಲ್ಲ ಮಕ್ಕಳಿಗೂ ಈ ಪುಣ್ಯ ಇರಲಿಲ್ಲ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಉಳಿಯಲಿಲ್ಲ.

ಹಿಂದೆ ನಮ್ಮ ಕಡೆ ಬಾವಿ ಅಂದರೆ ತೋಡಿದ ಬಾವಿ. ಅದರಲ್ಲೂ ಜನ ಬಿದ್ದಿದ್ದಾರೆ, ಆದರೆ ಅದು ದೂರದಿಂದ ಕಣ್ಣಿಗೆ ಕಾಣುತ್ತದೆ, ಹಗ್ಗ ಬಿಟ್ಟು ಇಳಿಯಬಹುದು. 1972ರ ಬರದಲ್ಲಿ ಆ ಬಾವಿಗಳು ಬತ್ತಿದವು. ಕರಿಕಲ್ಲು ಕೊರೆಯುವ ಯಂತ್ರಗಳು ಹಳ್ಳಿಗಳಿಗೆ ಬಂದದ್ದು ಆ ಕಾಲಕ್ಕೇ. ದೇಶದ ತುಂಬ ಕಾಣುವ ‘ಇಂಡಿಯಾ ಮಾರ್ಕ್ 2’ ಕೈಪಂಪಿಗೆ ಮೂಲ ನಮ್ಮ ‘ಸೋಲಾಪುರ ಪಂಪು’ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೈಪಂಪು ಕೂತ ಬೋರಿನ ಬಾಯಿ ತಾನಾಗಿಯೇ ಮುಚ್ಚಿರುತ್ತಿತ್ತು!

ಅಪಾಯ ಬಂದದ್ದು ಹೊಲದ ಬೋರಿನಿಂದ. ಒಂದು ಪಾಯಿಂಟಿನಲ್ಲಿ ನೀರು ಬೀಳದಿದ್ದರೆ ರೈತ ಇನ್ನೊಂದು ಕಡೆ ಹೊಡೆಸುತ್ತಾನೆ. ಕೇಸಿಂಗ್ ಪೈಪಿಗೆ ದುಡ್ಡು ಹೋಗಿರುತ್ತದೆ, ಅದನ್ನು ಕಿತ್ತು ಅಲ್ಲಿಗೆ ಒಯ್ಯುತ್ತಾನೆ. ಪೈಪು ಕಿತ್ತ ಮೇಲೆ ಮೇಲಿನ ಮಣ್ಣು ಕುಸಿದು ಬಾಯಿ ಅಗಲವಾಗುತ್ತದೆ. ಸುತ್ತ ಹುಲ್ಲು ಬೆಳೆದರೆ ದೊಡ್ಡವರಿಗೂ ಕಾಣುವುದಿಲ್ಲ. ಸಾಲ ಮಾಡಿ ಬೋರು ಹೊಡೆಸಿದವನ ಮೇಲೆ ಸಿಟ್ಟಾಗುವುದು ನನಗೆ ಆಗದು.

2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಬಾಲಕನೊಬ್ಬನನ್ನು ಮೇಲೆತ್ತುವುದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಆಮೇಲೂ ಮಕ್ಕಳು ಬೀಳುತ್ತಲೇ ಇದ್ದರು. ಕೊನೆಗೆ 2010ರಲ್ಲಿ ಸುಪ್ರೀಂ ಕೋರ್ಟು ನಿಯಮ ಹಾಕಿತು: ಬೋರು ಹೊಡೆಸುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಕೆಲಸ ನಡೆಯುವಾಗ ಫಲಕ ಮತ್ತು ಮುಳ್ಳುತಂತಿ ಬೇಲಿ ಇರಬೇಕು, ಕೇಸಿಂಗ್ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು ಇಲ್ಲವೇ ಬೋಲ್ಟು ಹಾಕಬೇಕು. ಬಿಟ್ಟುಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲದವರೆಗೆ ತುಂಬಬೇಕು. ಲಚ್ಯಾಣದ ಘಟನೆಯ ವರ್ಷವೇ ಕರ್ನಾಟಕ ತನ್ನ ಅಂತರ್ಜಲ ಕಾಯ್ದೆಯನ್ನು ತಿದ್ದಿತು.

ಆಗ ನಾನು ತರಗತಿಯಲ್ಲಿ, ಶಾಲೆಗೆ ಬರುವ ದಾರಿಯಲ್ಲಿ ತೆರೆದ ಬೋರು ಕಂಡರೆ ಹತ್ತಿರ ಹೋಗದೆ ನನಗೆ ಬಂದು ಹೇಳಿರಿ ಎಂದೆ. ಮೂರು ಸಿಕ್ಕವು. ಒಂದರ ಬಾಯಿಗೆ ಗೋಣಿಚೀಲ ತುರುಕಿ ಮೇಲೊಂದು ಕಲ್ಲು ಇಟ್ಟಿದ್ದರು. ಹೊಲದ ಹಿರಿಯರನ್ನು ಕಂಡು ತುಂಬಿಸಿರಿ ಎಂದೆ.

“ಗುರೂಜಿ, ಮಳಿ ಛಲೋ ಆದ್ರ ಮುಂದಿನ ವರ್ಷ ನೀರು ಬಂದೀತು, ಹ್ಯಾಂಗ ತುಂಬೂದು?” ಎಂದರು.

ಆಸೆ ಇದ್ದರೆ ತುಂಬುವುದು ಬೇಡ ಅಣ್ಣಾ, ಮುಚ್ಚಳ ಬೆಸೆಯಿಸಿರಿ ಎಂದೆ. ವಾರದೊಳಗೆ ವೆಲ್ಡಿಂಗ್ ಅಂಗಡಿಯಿಂದ ತಗಡು ತಂದರು. ಉಳಿದ ಎರಡರ ಮಾಲೀಕರು ಪುಣೆಯಲ್ಲಿದ್ದಾರೆ. ಅವುಗಳ ಬಗ್ಗೆ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದುಕೊಟ್ಟಿದ್ದೇನೆ.